ಹಾಡು ಕಲಿಯುವ ಹಕ್ಕಿಯ ಮೆದುಳು

ಎಲ್ಲ ಹಕ್ಕಿಗಳೂ ದನಿಯನ್ನು ಕಲಿತು ಪಡೆಯುವುದಿಲ್ಲ. ಹುಂಜದ ಕೂಗು ಕಿವಿಗೆ ಬೀಳದೆ ಬೆಳೆದ ಮರಿಯೂ ವಯಸ್ಸಿಗೆ ಬಂದಾಗ ಹುಂಜದಂತೆಯೇ ಕೂಗುತ್ತದೆ. ಪಾರಿವಾಳದ ಗುಟುರಿಗೂ ಗುರು ಬೇಕಿಲ್ಲ. ಹಿರಿಯರ ದನಿ ಕೇಳಿ, ನೆನಪಿಟ್ಟು, ತಪ್ಪು ತಿದ್ದಿಕೊಳ್ಳುತ್ತ ಹಾಡನ್ನು ತಮ್ಮದಾಗಿಸಿಕೊಳ್ಳುವುದು ಮುಖ್ಯವಾಗಿ ಮೂರು ಗುಂಪುಗಳು: ಹಾಡುಹಕ್ಕಿಗಳು, ಗಿಳಿಗಳು ಮತ್ತು ಅಮೆರಿಕ ಖಂಡಗಳ ಝೇಂಕಾರದ ಹಕ್ಕಿಗಳು. ಸಸ್ತನಿಗಳಲ್ಲಿ ಈ ಶಕ್ತಿ ಇರುವುದು ಮನುಷ್ಯ, ತಿಮಿಂಗಿಲ, ಡಾಲ್ಫಿನ್, ಬಾವಲಿಯಂಥ ಕೆಲವಕ್ಕೆ ಮಾತ್ರ. ಮನುಷ್ಯನಿಗೆ ಹತ್ತಿರದ ಬಂಧುಗಳೆನಿಸಿದ ಕೋತಿ, ಚಿಂಪಾಂಜಿಗಳಲ್ಲಿ ಅದು ತೀರ ಕಡಿಮೆ. ಮಗು ಮಾತು ಕಲಿಯುವುದಕ್ಕೆ ಹೋಲುವ ಕಲಿಕೆಯನ್ನು ಹತ್ತಿರದಿಂದ ನೋಡಬೇಕೆನ್ನುವ ವಿಜ್ಞಾನಿ ಹಕ್ಕಿಯ ಗೂಡಿಗೆ ಬರುವುದು ಈ ಕಾರಣಕ್ಕೆ.

ತೆಲಂಗಾಣ–ಕರ್ನಾಟಕ ಗಡಿಸೀಮೆಯ ರಾಯಿಕೋಡ್, ಜಹೀರಾಬಾದ್, ನಾರಾಯಣಖೇಡ್ ಕಡೆಯ ಜೋಳ, ನವಣೆ, ಸಾವೆಯ ಹೊಲಗಳಿಗೆ ಹಾಡುಹಕ್ಕಿಗಳು ಅಪರೂಪವಲ್ಲ. ಗುಬ್ಬಿ, ಗೀಜಗ, ಪಿಕಳಾರ, ಗೊರವಂಕ ಎಲ್ಲವೂ ಇದೇ ಗುಂಪಿನವು. ಕರ್ಕಶವಾಗಿ ಕೂಗುವ ಕಾಗೆಯೂ ವರ್ಗೀಕರಣದ ಪ್ರಕಾರ ಹಾಡುಹಕ್ಕಿಯೇ. ತೆನೆ ಕಟ್ಟುವ ಹೊತ್ತಿಗೆ ಹಿಂಡುಗಟ್ಟಿ ಇಳಿಯುವ ರಾಟವಾಳಗಳಿಗೆ ಈ ವಿಷಯದಲ್ಲಿ ವಿಶೇಷ ಸ್ಥಾನವಿದೆ. ಎದೆಯ ಮೇಲೆ ಕಂದು ಗೆರೆಗಳಿರುವ ಚುಕ್ಕೆ ರಾಟವಾಳವೂ ಮಣ್ಣುಬಣ್ಣದ ಬೆನ್ನಿನ ಬಿಳಿ ರಾಟವಾಳವೂ ಸೇರುವ ಕುಟುಂಬಕ್ಕೇ ಜೀಬ್ರಾ ಫಿಂಚ್ ಸೇರುತ್ತದೆ. ಆಸ್ಟ್ರೇಲಿಯಾ ಮೂಲದ, ಸುಮಾರು 12 ಗ್ರಾಂ ತೂಕದ ಈ ಪುಟ್ಟ ಹಕ್ಕಿ ಜಗತ್ತಿನ ಮೆದುಳು ಸಂಶೋಧನಾಲಯಗಳಲ್ಲಿ ಹಾಡಿನ ಕಲಿಕೆಗೆ ಮುಖ್ಯ ಮಾದರಿ. ಎರಡನೆಯ ಮಾದರಿಯಾದ ಬೆಂಗಾಲೀಸ್ ಫಿಂಚ್ ರಾಟವಾಳವೇ. ಮಲೆನಾಡಿನಲ್ಲೂ ಕಾಣುವ ಬಿಳಿಬೆನ್ನಿನ ರಾಟವಾಳದ ಜಾತಿಯನ್ನು ಹದಿನೆಂಟನೆಯ ಶತಮಾನದಿಂದ ಜಪಾನಿನಲ್ಲಿ ಪಂಜರದಲ್ಲಿ ಸಾಕಿ ಸಾಕಿ ರೂಪಿಸಿದ ತಳಿ ಅದು. ಭಾರತದ ಕಾಡುಹಕ್ಕಿಗಳನ್ನು ಹಿಡಿಯುವುದಕ್ಕೂ ಮಾರುವುದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆ ಹಾಕಿದೆ. ಪಂಜರದಲ್ಲೇ ತಲೆಮಾರುಗಳಿಂದ ಬೆಳೆದು ಬಂದ ಜೀಬ್ರಾ ಫಿಂಚ್ ನಮ್ಮ ಪ್ರಯೋಗಾಲಯಗಳಿಗೂ ಅನುಕೂಲವಾಗಿದೆ.

ಜೀಬ್ರಾ ಫಿಂಚ್‌ನಲ್ಲಿ ಹಾಡುವುದು ಗಂಡು ಮಾತ್ರ. ಮೊಟ್ಟೆಯೊಡೆದು ಹೊರಬಂದ ಸುಮಾರು 25 ದಿನಗಳ ಮೇಲೆ ಮರಿಯ ಕಿವಿ ಅಪ್ಪನ ಹಾಡಿಗೆ ತೆರೆದುಕೊಳ್ಳುತ್ತದೆ. ಕೇಳಿದ್ದು ಮೆದುಳಿನಲ್ಲಿ ಮಾದರಿಯಾಗಿ ಉಳಿಯುತ್ತದೆ. ಅದೇ ದಿನಗಳಲ್ಲಿ ಮರಿ ತಾನೂ ಗೊಣಗಲು ತೊಡಗುತ್ತದೆ. ಆ ಗೊಣಗಿಗೆ ತಾಳವಿಲ್ಲ, ಸ್ಥಿರ ಸ್ವರವಿಲ್ಲ. ಎಳೆಗೂಸಿನ ತೊದಲಿಗೂ ಇದಕ್ಕೂ ಇರುವ ಹೋಲಿಕೆಯನ್ನು ಡಾರ್ವಿನ್ 1871ರಷ್ಟು ಹಿಂದೆಯೇ ಬರೆದಿಟ್ಟಿದ್ದ. ವಾರಗಳು ಉರುಳಿದಂತೆ ಗೊಣಗಿನೊಳಗಿಂದ ಸ್ವರಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಸುಮಾರು 90 ದಿನಗಳಿಗೆ ಹಾಡು ಗಟ್ಟಿಯಾಗುತ್ತದೆ. ಆಮೇಲೆ ಆಯುಷ್ಯವಿಡೀ ಅದು ಹೆಚ್ಚುಕಡಿಮೆ ಅದೇ ಹಾಡು.

ಇದು ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು ಎಂಬುದಕ್ಕೆ ಸಾಕ್ಷಿ ಹಲವು. ಜರ್ಮನಿಯ ಕ್ಲಾಸ್ ಇಮ್ಮೆಲ್‌ಮನ್ 1960ರ ದಶಕದಲ್ಲಿ ಜೀಬ್ರಾ ಫಿಂಚ್ ಮರಿಗಳನ್ನು ಬೆಂಗಾಲೀಸ್ ಫಿಂಚ್ ಜೋಡಿಗಳಿಂದ ಸಾಕಿಸಿದಾಗ ಮರಿಗಳು ಸಾಕುತಂದೆಯ ಹಾಡನ್ನೇ ಕಲಿತವು. ಮಸಾಕಾಜು ಕೊನಿಶಿ 1965ರಲ್ಲಿ ಅಮೆರಿಕದ ಒಂದು ಜಾತಿಯ ಗುಬ್ಬಿಯಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಮರಿ ಗುರುವಿನ ಹಾಡನ್ನು ಪೂರ್ತಿ ಕೇಳಿಸಿಕೊಂಡಿದ್ದರೂ, ತಾನು ಹಾಡಲು ತೊಡಗುವ ಮೊದಲು ಕಿವುಡಾದರೆ ಅದರ ಹಾಡು ಎಂದೂ ರೂಪ ಪಡೆಯುವುದಿಲ್ಲ. ಗುರುವನ್ನು ಕೇಳಿದರೆ ಸಾಲದು, ತನ್ನನ್ನೂ ತಾನು ಕೇಳಿಕೊಳ್ಳಬೇಕು. ನೆನಪಿನಲ್ಲಿರುವ ಮಾದರಿಗೂ ಈಗ ಹೊರಟ ದನಿಗೂ ನಡುವೆ ಎಲ್ಲೋ ಒಂದು ತುಲನೆ ನಡೆಯುತ್ತಿದೆ ಎಂದಾಯಿತು. ಆ ತುಲನೆ ಮೆದುಳಿನ ಯಾವ ಭಾಗದಲ್ಲಿ, ಹೇಗೆ ನಡೆಯುತ್ತದೆ ಎಂಬುದು ಬೆಳಕಿಗೆ ಬರಲು ಮುಂದೆ ಅರ್ಧ ಶತಮಾನವೇ ಹಿಡಿಯಿತು.

ತಡವಾದುದಕ್ಕೆ ಒಂದು ಕಾರಣ ಹಕ್ಕಿಯ ಮೆದುಳಿನ ಬಗ್ಗೆ ಇದ್ದ ಅಸಡ್ಡೆ. ಸಸ್ತನಿಗಳ ಮೆದುಳಿನ ಹೊರಪದರದಲ್ಲಿ ನರಕೋಶಗಳು ಆರು ಪದರಗಳಾಗಿ ಜೋಡಿಸಿಕೊಂಡಿರುತ್ತವೆ. ಹಕ್ಕಿಯ ಮೆದುಳಿನಲ್ಲಿ ಅವು ಗುಂಪುಗುಂಪಾಗಿ ಇರುತ್ತವೆ. ಈ ವ್ಯತ್ಯಾಸ ನೋಡಿ ಇಪ್ಪತ್ತನೆಯ ಶತಮಾನದ ಆರಂಭದ ವಿದ್ವಾಂಸರು, ಹಕ್ಕಿಯ ಮುಮ್ಮೆದುಳೆಲ್ಲ ಹುಟ್ಟುಗುಣಗಳನ್ನು ನಡೆಸುವ ಕೆಳಭಾಗವೇ, ಯೋಚಿಸುವ ಭಾಗ ಅದಕ್ಕಿಲ್ಲ ಎಂದು ತೀರ್ಮಾನಿಸಿದರು. ಭಾಗಗಳಿಗೆ ಹೆಸರನ್ನೂ ಅದೇ ತಿಳಿವಳಿಕೆಯಲ್ಲಿ ಇಟ್ಟರು. ಎರಿಕ್ ಜಾರ್ವಿಸ್, ಆಂಟನ್ ರೈನರ್ ಮೊದಲಾದವರ ಅಂತರರಾಷ್ಟ್ರೀಯ ತಂಡ ಆ ಹೆಸರುಗಳನ್ನು ಬದಲಿಸಿದ್ದು 2004 ಮತ್ತು 2005ರಲ್ಲಿ. ಹಕ್ಕಿಯ ಮುಮ್ಮೆದುಳಿನ ಬಹುಪಾಲು ಸಸ್ತನಿಗಳ ಹೊರಪದರಕ್ಕೆ ಸಮಾನವಾದದ್ದು ಎಂದು ಆಗ ಅಧಿಕೃತವಾಯಿತು. 2016ರಲ್ಲಿ ಪ್ರಕಟವಾದ ಎಣಿಕೆಗಳು ಇನ್ನೊಂದು ಅಂಶವನ್ನು ಸೇರಿಸಿದವು. ಹಾಡುಹಕ್ಕಿ ಮತ್ತು ಗಿಳಿಗಳ ಮೆದುಳಿನಲ್ಲಿ ನರಕೋಶಗಳು ಬಹಳ ಒತ್ತಾಗಿ ತುಂಬಿರುತ್ತವೆ. ಅವುಗಳ ಮುಮ್ಮೆದುಳಿನಲ್ಲಿ, ಅಷ್ಟೇ ತೂಕದ ಮೆದುಳಿರುವ ಸಸ್ತನಿಗಿಂತ ಹೆಚ್ಚು ನರಕೋಶಗಳಿವೆ. ನೂರು ವರ್ಷ ನಡೆದ ಈ ತಪ್ಪೆಣಿಕೆ ವಿಜ್ಞಾನಕ್ಕೆ ತಂದ ನಷ್ಟ ಸಣ್ಣದಲ್ಲ.

ಹಾಡಿನ ನರಮಾರ್ಗಗಳನ್ನು ಗುರುತಿಸುವ ಕೆಲಸ ಮಾತ್ರ ಅದಕ್ಕೂ ಮೊದಲೇ ಶುರುವಾಗಿತ್ತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ನೊಟ್ಟೆಬಾಮ್ ಮತ್ತು ಸಂಗಡಿಗರು 1976ರಲ್ಲಿ ಕ್ಯಾನರಿ ಹಕ್ಕಿಯಲ್ಲಿ ಅವುಗಳ ನಕ್ಷೆ ಕೊಟ್ಟರು. ಅಂದಿನಿಂದ ತಿಳಿದುಬಂದಂತೆ ಮಾರ್ಗಗಳು ಎರಡು. ಒಂದು, ಹಾಡನ್ನು ಹೊರಡಿಸುವ ಮಾರ್ಗ. ಎಚ್‌ವಿಸಿ ಎಂಬ ನರಗುಂಪು ಯಾವ ಕ್ಷಣಕ್ಕೆ ಯಾವ ಸ್ವರ ಎಂಬ ಕಾಲಕ್ರಮವನ್ನು ಹಿಡಿಯುತ್ತದೆ. ಅಲ್ಲಿಂದ ಆರ್‌ಎ ಎಂಬ ಗುಂಪಿನ ಮೂಲಕ ಆಜ್ಞೆ ದನಿಪೆಟ್ಟಿಗೆಯ ಸ್ನಾಯುಗಳನ್ನು ಮುಟ್ಟುತ್ತದೆ. ಎಚ್‌ವಿಸಿಯ ಕೆಲವು ಕೋಶಗಳು ಇಡೀ ಹಾಡಿನಲ್ಲಿ ಒಂದೇ ಒಂದು ನಿಶ್ಚಿತ ಕ್ಷಣದಲ್ಲಿ ಮಾತ್ರ ಮಿಡಿಯುತ್ತವೆ ಎಂದು 2002ರಲ್ಲಿ ಗೊತ್ತಾಯಿತು. ಎರಡನೆಯದು ಕಲಿಕೆಯ ಮಾರ್ಗ. ಅದು ಏರಿಯಾ ಎಕ್ಸ್ ಎಂಬ ಭಾಗವನ್ನು ಸುತ್ತಿ, ಎಲ್‌ಮ್ಯಾನ್ ಎಂಬ ಗುಂಪನ್ನು ದಾಟಿ, ಮತ್ತೆ ಆರ್‌ಎಗೆ ಬಂದು ಸೇರುತ್ತದೆ. ಏರಿಯಾ ಎಕ್ಸ್ ಬೇಸಲ್ ಗ್ಯಾಂಗ್ಲಿಯಾದ ಒಂದು ಭಾಗ. ಮೀನಿನಿಂದ ಮನುಷ್ಯನವರೆಗೆ ಬೆನ್ನೆಲುಬಿರುವ ಪ್ರಾಣಿಗಳಲ್ಲೆಲ್ಲ ಇರುವ, ಚಲನೆ ಮತ್ತು ಅಭ್ಯಾಸಗಳನ್ನು ಹದಗೊಳಿಸುವ, ಬಹು ಪುರಾತನ ರಚನೆ ಇದು.

ಈ ಎರಡನೆಯ ಮಾರ್ಗದ ಕೆಲಸ 1984ರ ಒಂದು ಪ್ರಯೋಗದಲ್ಲಿ ಬಯಲಾಯಿತು. ಸಾರಾ ಬಾಟ್ಜರ್ ಮತ್ತು ಸಂಗಡಿಗರು ಎಲ್‌ಮ್ಯಾನ್‌ಗೆ ಹಾನಿ ಮಾಡಿದಾಗ, ಹಾಡು ಗಟ್ಟಿಯಾಗಿದ್ದ ವಯಸ್ಕ ಹಕ್ಕಿಗೆ ಏನೂ ಆಗಲಿಲ್ಲ. ಕಲಿಯುತ್ತಿದ್ದ ಮರಿಯ ಹಾಡು ಮಾತ್ರ ಅರೆಬರೆಯಾಗಿ ನಿಂತುಹೋಯಿತು. ಎಲ್‌ಮ್ಯಾನ್ ಮರಿಯ ದನಿಯಲ್ಲಿ ಬೇಕೆಂದೇ ಏರುಪೇರು ತರುತ್ತದೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ ಹಾಡಿದರೆ ತಾನೇ ಯಾವುದು ಮೇಲೆಂದು ತಿಳಿಯುವುದು! ಕಲಿಯುವವನ ಅಸ್ಥಿರತೆ ದೌರ್ಬಲ್ಯವಲ್ಲ, ಮೆದುಳು ಅದನ್ನು ತಾನಾಗಿ ತಯಾರಿಸಿ ಕೊಡುತ್ತದೆ ಎಂಬ ಈ ಸಂಗತಿ ಶಿಕ್ಷಕರ ಕಿವಿಗೆ ಬೀಳಬೇಕಾದದ್ದು.

ಆದರೆ ಯಾವುದು ಮೇಲೆಂದು ಹೇಳುವವರು ಯಾರು? ಪ್ರೇರಣೆಯ ಪ್ರಶ್ನೆ ಬರುವುದು ಇಲ್ಲಿ.

ಹಕ್ಕಿಗೆ ಕಲಿಸಲು ಮನುಷ್ಯ ಬಹಳ ಕಾಲದಿಂದ ಬಳಸಿದ್ದು ಹಸಿವನ್ನು. ರಾಯಿಕೋಡಿನಿಂದ ಪಶ್ಚಿಮಕ್ಕಿರುವ ಇಂದಿನ ಬಸವಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಗಿಡುಗದ ಬೇಟೆ, ಲಾವುಗೆಯ ಕಾಳಗ, ಕೋಳಿಯ ಕಾಳಗ ಇವೆಲ್ಲ ರಾಜನ ವಿನೋದಗಳಾಗಿ ವಿವರವಾಗಿ ಬಂದಿವೆ. ಗಿಡುಗವನ್ನು ಪಳಗಿಸುವವರು ಎಲ್ಲ ಕಾಲದಲ್ಲೂ ಅದರ ಮೇವನ್ನು ಅಳೆದು ಕೊಡುತ್ತ ಬಂದವರು, ಏಕೆಂದರೆ ಹೊಟ್ಟೆ ತುಂಬಿದ ಗಿಡುಗ ಕೈಗೆ ಮರಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಕಲಿಕೆಯನ್ನು ಅಳೆದದ್ದೂ ಇದೇ ತತ್ವದ ಮೇಲೆ. 1948ರ ಹೆಸರಾಂತ ಪ್ರಯೋಗದಲ್ಲಿ ಅವರ ಪಾರಿವಾಳಗಳು ತುಂಬು ತೂಕದ ಮುಕ್ಕಾಲು ಪಾಲಿಗೆ ಇಳಿದಿದ್ದವು. ನಿಗದಿತ ಹೊತ್ತಿಗೆ ತಾನಾಗಿ ಬೀಳುತ್ತಿದ್ದ ಕಾಳಿಗೂ ಆ ಕ್ಷಣ ತಾವು ಮಾಡುತ್ತಿದ್ದ ಚಲನೆಗೂ ಸಂಬಂಧ ಕಲ್ಪಿಸಿಕೊಂಡು, ಒಂದು ಸುತ್ತು ತಿರುಗುವುದನ್ನೋ ತಲೆ ತೂಗುವುದನ್ನೋ ಅವು ರೂಢಿ ಮಾಡಿಕೊಂಡವು. ಕಾಳು ಬಂದರೆ ಆ ಕೆಲಸ ಮತ್ತೆ, ಬಾರದಿದ್ದರೆ ಬಿಡುಗಡೆ. ಕಲಿಕೆಯ ಈ ಚಿತ್ರ ಸರಳವಾದದ್ದು, ಬಹುಪಾಲು ನಿಜವೂ ಹೌದು.

1997ರಲ್ಲಿ ವೋಲ್ಫ್‌ರಾಮ್ ಶುಲ್ಟ್ಸ್, ಪೀಟರ್ ಡಯಾನ್ ಮತ್ತು ರೀಡ್ ಮಾಂಟೆಗ್ಯೂ ಇದಕ್ಕೆ ನರಕೋಶದ ಮಟ್ಟದ ವಿವರಣೆ ಕೊಟ್ಟರು. ಕೋತಿಗಳ ಮೆದುಳಿನ ನಡುಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಸುರಿಸುವ ಕೋಶಗಳಿವೆ. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕರೆ ಅವು ಜೋರಾಗಿ ಮಿಡಿಯುತ್ತವೆ. ನಿರೀಕ್ಷಿಸಿದಷ್ಟೇ ಸಿಕ್ಕರೆ ಮಿಡಿತ ಬದಲಾಗುವುದಿಲ್ಲ. ಬರಬೇಕಾದ್ದು ಬಾರದಿದ್ದರೆ ಇದ್ದ ಮಿಡಿತವೂ ತಗ್ಗುತ್ತದೆ. ಡೋಪಮೈನ್ ಸುಖದ ರಸ ಎಂದು ಪತ್ರಿಕೆಗಳು ಬರೆಯುವುದುಂಟು. ಈ ಕೋಶಗಳು ಹೇಳುತ್ತಿರುವುದು ಬೇರೆ: ನಿರೀಕ್ಷೆಗೂ ಫಲಕ್ಕೂ ಇರುವ ಅಂತರವನ್ನು.

ರಸ, ಕಾಳು, ಮಾಂಸದ ಚೂರು ಯಾವುದೂ ಇಲ್ಲದೆ ನಡೆಯುವ ಕಲಿಕೆಯ ಗತಿಯೇನು? ಜೋಳದ ರೊಟ್ಟಿ ಬಡಿಯಲು ಕಲಿಯುವ ಹುಡುಗಿಗೆ ಪ್ರತಿ ರೊಟ್ಟಿಗೂ ಯಾರೂ ಇನಾಮು ಕೊಡುವುದಿಲ್ಲ. ಅಂಚು ಸೀಳಿತೋ ದುಂಡಗೆ ಬಂತೋ ಎಂಬುದನ್ನು ಅವ್ವನ ರೊಟ್ಟಿ ನೋಡಿದ ಅವಳ ಕಣ್ಣೇ ಹೇಳುತ್ತದೆ. ಜೀಬ್ರಾ ಫಿಂಚ್ ಮರಿಯೂ ಒಂಟಿಯಾಗಿ ಕೂತು ದಿನಕ್ಕೆ ನೂರಾರು, ಸಾವಿರಾರು ಸಲ ಹಾಡುತ್ತದೆ. ಅಲ್ಲಿ ಹೆಣ್ಣಿಲ್ಲ, ಮೇವಿನ ಆಸೆಯಿಲ್ಲ, ಹೊಗಳುವವರಿಲ್ಲ. ಆದರೂ ಹಾಡು ದಿನದಿನಕ್ಕೆ ತಿದ್ದಿಕೊಳ್ಳುತ್ತ ಹೋಗುತ್ತದೆ.

ಈ ಒಗಟಿಗೆ ನೇರ ಉತ್ತರ ಕೊಟ್ಟವರಲ್ಲಿ ಮೊದಲಿಗರು ಬೆಂಗಳೂರಿನಿಂದ ಹೋದ ವಿಕ್ರಮ್ ಗದಗಕರ್. ಕಾಗದದ ಕಣಜಗಳ ಸಮಾಜಜೀವನದ ಅಧ್ಯಯನಕ್ಕೆ ಹೆಸರಾದ, ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರ ಮಗ. ಅದೇ ಸಂಸ್ಥೆಯಲ್ಲಿ ಭೌತವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವರು. ಅವರ ಅಂದಿನ ವಿಷಯ ಹಕ್ಕಿಯಲ್ಲ. ತೀರ ಕಡಿಮೆ ಉಷ್ಣತೆಯಲ್ಲಿ ಗಟ್ಟಿಯಾಗುವ ಹೀಲಿಯಂನ ವರ್ತನೆ. ಅದರ ಬಗ್ಗೆ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನದ ಕರ್ತೃಗಳಲ್ಲಿ ಅವರೂ ಒಬ್ಬರು. ಆಮೇಲೆ ಕಾರ್ನೆಲ್‌ನಲ್ಲೇ ಜೆಸ್ಸಿ ಗೋಲ್ಡ್‌ಬರ್ಗ್ ಅವರ ಪ್ರಯೋಗಾಲಯ ಸೇರಿ ಮೆದುಳಿನ ಕಡೆ ಹೊರಳಿದರು. ಈಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜುಕರ್‌ಮನ್ ಸಂಸ್ಥೆಯಲ್ಲಿ ಅವರದೇ ಪ್ರಯೋಗಾಲಯವಿದೆ.

2016ರ ಡಿಸೆಂಬರಿನಲ್ಲಿ ‘ಸೈನ್ಸ್’ನಲ್ಲಿ ಪ್ರಕಟವಾದ ಅವರ ಪ್ರಯೋಗದ ಉಪಾಯ ಹೀಗಿತ್ತು. ಹಾಡು ಕಲಿತ ಗಂಡು ಜೀಬ್ರಾ ಫಿಂಚ್‌ನ ಮೆದುಳಿಗೆ ಕೂದಲಿಗಿಂತ ತೆಳುವಾದ ವಿದ್ಯುದ್ವಾರಗಳನ್ನು ಇಳಿಸಲಾಗಿತ್ತು. ಹಕ್ಕಿ ಗೂಡಿನಲ್ಲಿ ತನ್ನಷ್ಟಕ್ಕೆ ಓಡಾಡಿಕೊಂಡು, ಮನಸ್ಸು ಬಂದಾಗ ಹಾಡುತ್ತಿತ್ತು. ಕಂಪ್ಯೂಟರು ಆ ಹಾಡನ್ನು ಕೇಳುತ್ತ ಕಾಯುತ್ತಿತ್ತು. ಗೊತ್ತುಮಾಡಿದ ಒಂದು ಸ್ವರ ಬಂದ ಕ್ಷಣದಲ್ಲೇ ಧ್ವನಿವರ್ಧಕ ಅದರ ಮೇಲೆ ಬೇರೊಂದು ಸದ್ದು ಬೆರೆಸುತ್ತಿತ್ತು. ಹಕ್ಕಿ ಸರಿಯಾಗಿಯೇ ಹಾಡಿದ್ದರೂ ಅದರ ಕಿವಿಗೆ ತಪ್ಪಾಗಿ ಕೇಳಿಸುತ್ತಿತ್ತು. ಪ್ರತಿ ಸಲವೂ ಹೀಗೆ ಮಾಡಲಿಲ್ಲ, ಸುಮಾರು ಅರ್ಧದಷ್ಟು ಸಲ ಮಾತ್ರ. ಹಾಗಾಗಿ ಆ ಸ್ವರದ ಹತ್ತಿರ ಬರುವಾಗ ಈ ಸಲ ಕೆಡುತ್ತದೋ ಇಲ್ಲವೋ ಎಂಬುದು ಹಕ್ಕಿಗೆ ಗೊತ್ತಿರುವುದು ಸಾಧ್ಯವಿರಲಿಲ್ಲ.

ಮೆದುಳಿನ ನಡುಭಾಗದಿಂದ ಏರಿಯಾ ಎಕ್ಸ್‌ಗೆ ಹೋಗುವ ಡೋಪಮೈನ್ ಕೋಶಗಳು ಕೋತಿಯ ಕೋಶಗಳಂತೆಯೇ ನಡೆದುಕೊಂಡವು. ಸ್ವರ ಕೆಟ್ಟಂತೆ ಕೇಳಿದ ಕೂಡಲೇ ಅವುಗಳ ಮಿಡಿತ ತಗ್ಗಿತು. ಕೆಡಬಹುದಾಗಿದ್ದ ಸ್ವರ ಕೆಡದೆ ಉಳಿದಾಗ, ಅದೇ ಕ್ಷಣದಲ್ಲಿ, ಮಿಡಿತ ಏರಿತು. ಹಕ್ಕಿ ಹಾಡದೆ ಸುಮ್ಮನೆ ಕೂತಿದ್ದಾಗ ಅದೇ ಸದ್ದುಗಳನ್ನು ಕೇಳಿಸಿದರೆ ಆ ಕೋಶಗಳು ಗಮನಿಸಲೂ ಇಲ್ಲ. ಎಂದರೆ, ಅವು ಅಳೆಯುತ್ತಿದ್ದುದು ಸದ್ದಿನ ಹಿತ ಅಹಿತಗಳನ್ನಲ್ಲ, ತಾನು ಮಾಡಿದ ಕೆಲಸ ನಿರೀಕ್ಷೆಗೆ ಹೋಲಿಸಿದರೆ ಹೇಗಿತ್ತು ಎಂಬುದನ್ನು. ಹೊರಗಿನಿಂದ ಬರುವ ಬಹುಮಾನವನ್ನು ತೂಗುವ ತಕ್ಕಡಿಯನ್ನೇ ಮೆದುಳು ಒಳಗಿನ ಗುರಿಗೂ ಬಳಸುತ್ತದೆ. ಈ ಕ್ಷೇತ್ರದ ಇತ್ತೀಚಿನ ಶೋಧಗಳಲ್ಲಿ ಇದಕ್ಕಿಂತ ದೊಡ್ಡದನ್ನು ಹೆಸರಿಸುವುದು ಕಷ್ಟ.

ಆ ಡೋಪಮೈನ್ ಇಲ್ಲದಿದ್ದರೆ ಕಲಿಕೆಗೆ ನಿಜಕ್ಕೂ ಧಕ್ಕೆಯಾಗುತ್ತದೆಯೇ ಎಂಬುದನ್ನು ತೋರಿಸಿದ್ದು ರಾಟವಾಳದ ಸಾಕುತಳಿ. ಎವ್ರೆನ್ ಟ್ಯೂಮರ್ ಮತ್ತು ಮೈಕೆಲ್ ಬ್ರೈನಾರ್ಡ್ 2007ರಲ್ಲಿ ಬೆಂಗಾಲೀಸ್ ಫಿಂಚ್‌ನ ಒಂದು ಸ್ವರ ನಿಗದಿತ ಶ್ರುತಿಗಿಂತ ಕೆಳಗಿದ್ದಾಗ ಮಾತ್ರ ಗದ್ದಲದ ಸದ್ದು ಕೇಳಿಸಿದಾಗ, ಹಕ್ಕಿ ಕೆಲವೇ ಗಂಟೆಗಳಲ್ಲಿ ಆ ಒಂದು ಸ್ವರದ ಶ್ರುತಿಯನ್ನು ಮೇಲಕ್ಕೆ ಸರಿಸಿಕೊಂಡಿತ್ತು. ಏರಿಯಾ ಎಕ್ಸ್‌ಗೆ ಬರುವ ಡೋಪಮೈನ್ ಎಳೆಗಳನ್ನು ಕುಗ್ಗಿಸಿ ಇದೇ ಪಾಠವನ್ನು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸೋಬರ್ ತಂಡ 2016ರಲ್ಲಿ ಮತ್ತೆ ಕೊಟ್ಟಿತು. ಹಕ್ಕಿಗಳು ಮೊದಲಿನಂತೆ ಹಾಡಿದವು, ಆದರೆ ತಿದ್ದಿಕೊಳ್ಳುವ ಶಕ್ತಿ ಬಹಳ ಕುಂದಿತ್ತು. ಹಾಡಲು ಬರುವುದು ಬೇರೆ, ಹಾಡು ಸುಧಾರಿಸಿಕೊಳ್ಳುವುದು ಬೇರೆ.

ಇವೆಲ್ಲ ಕೃತಕ ಸದ್ದಿನಿಂದ ಹಾಡು ಕೆಡಿಸಿ ಮಾಡಿದ ಪ್ರಯೋಗಗಳು. ಮರಿ ಸಹಜವಾಗಿ ಕಲಿಯುವಾಗಲೂ ಹೀಗೆಯೇ ನಡೆಯುತ್ತದೆಯೇ ಎಂಬ ಸಂಶಯ ಉಳಿದಿತ್ತು. ಕೊಲಂಬಿಯಾದ ತಂಡ ಮರಿಗಳ ಏರಿಯಾ ಎಕ್ಸ್‌ನಲ್ಲಿ ತೆಳುವಾದ ಬೆಳಕಿನ ಎಳೆಯಿಟ್ಟು, ಅವು ಕಲಿಯುವ ದಿನಗಳುದ್ದಕ್ಕೂ ಡೋಪಮೈನ್‌ನ ಏರಿಳಿತವನ್ನು ಅಳೆದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಮುಂದೆ ತಾನು ಮುಟ್ಟಲಿರುವ ಹಾಡಿಗೆ ಈ ಸಲದ ಪ್ರಯತ್ನ ಹತ್ತಿರ ಬಂದಿದ್ದರೆ ಡೋಪಮೈನ್ ಹೆಚ್ಚು, ದೂರ ಸರಿದಿದ್ದರೆ ಕಡಿಮೆ. ಹೆಚ್ಚು ಡೋಪಮೈನ್ ಪಡೆದ ಪ್ರಯತ್ನದ ರೀತಿ ಮುಂದಿನ ಹಾಡುಗಳಲ್ಲಿ ಉಳಿದುಕೊಂಡಿತು.

ಹೆಣ್ಣು ಎದುರಿಗೆ ಬಂದಾಗ ಲೆಕ್ಕವೇ ಬದಲಾಗುತ್ತದೆ. ಒಂಟಿಯಾಗಿ ಹಾಡುವುದಕ್ಕೂ ಹೆಣ್ಣಿಗಾಗಿ ಹಾಡುವುದಕ್ಕೂ ಜೀಬ್ರಾ ಫಿಂಚ್‌ನಲ್ಲಿ ಸ್ಪಷ್ಟ ವ್ಯತ್ಯಾಸವಿದೆ. ಎರಡನೆಯದು ತುಸು ಚುರುಕು, ಹೆಚ್ಚು ಅಚ್ಚುಕಟ್ಟು. ಎಲ್‌ಮ್ಯಾನ್ ತರುವ ಏರುಪೇರು ಆಗ ಅಡಗುತ್ತದೆ. ಆಂಡ್ರಿಯಾ ರೋಸರ್, ಗದಗಕರ್, ಗೋಲ್ಡ್‌ಬರ್ಗ್ ಮೊದಲಾದವರು 2023ರಲ್ಲಿ ‘ನೇಚರ್’ನಲ್ಲಿ ತೋರಿಸಿದಂತೆ ಡೋಪಮೈನ್ ಕೋಶಗಳೂ ಆ ಹೊತ್ತಿನಲ್ಲಿ ಹಾಡಿನ ತಪ್ಪುಗಳ ಕಡೆಗಿನ ಗಮನವನ್ನು ಕಡಿಮೆ ಮಾಡುತ್ತವೆ. ಬದಲಿಗೆ ಹೆಣ್ಣು ಕೊಡುವ ಮರುದನಿಗೆ ಮಿಡಿಯುತ್ತವೆ. ಅಭ್ಯಾಸದ ಹೊತ್ತಿನಲ್ಲಿ ಮುಖ್ಯವಾದದ್ದು ತನ್ನ ದನಿ, ಪ್ರದರ್ಶನದ ಹೊತ್ತಿನಲ್ಲಿ ಕೇಳುವವಳ ಒಪ್ಪಿಗೆ. ಪ್ರೇರಣೆ ಎಂಬುದು ಹೆಚ್ಚುಕಡಿಮೆಯಾಗುವ ಒಂದೇ ಪ್ರಮಾಣವಲ್ಲ, ಸಂದರ್ಭಕ್ಕೆ ತಕ್ಕಂತೆ ಅದರ ಗುರಿಯೇ ಬದಲಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಪುರಾವೆ.

ಹಾಡಬೇಕೆಂಬ ಬಯಕೆ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಭಾರತದಲ್ಲೇ ಒಳ್ಳೆಯ ಕೆಲಸ ನಡೆದಿದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದಲ್ಲಿ ಸೌಮ್ಯಾ ಅಯ್ಯಂಗಾರ್ ಅವರ ತಂಡ ಮೆದುಳು ತಾನೇ ತಯಾರಿಸುವ, ಅಫೀಮಿನ ಗುಣವುಳ್ಳ ರಾಸಾಯನಿಕಗಳ ಬೆನ್ನು ಹಿಡಿಯಿತು. ಈ ರಾಸಾಯನಿಕಗಳು ನೋವು ತಗ್ಗಿಸುತ್ತವೆ, ಹಿತವೆನಿಸುವ ಕೆಲಸದ ಕಡೆ ಮತ್ತೆ ಎಳೆಯುತ್ತವೆ. ನಲೋಕ್ಸೋನ್ ಎಂಬ ಔಷಧದಿಂದ ಅವುಗಳ ಪ್ರಭಾವವನ್ನು ತಡೆದಾಗ ಗಂಡು ಜೀಬ್ರಾ ಫಿಂಚ್‌ಗಳು ಹಾಡುವುದು ಕಡಿಮೆಯಾಯಿತು ಎಂದು 2010ರ ಅವರ ಲೇಖನ ಹೇಳುತ್ತದೆ. ಇದೇ ತಂಡ ಊರ ಕಾಗೆಯ ಮೆದುಳಿನಲ್ಲಿ ಡೋಪಮೈನ್‌ಗೆ ಸಂಬಂಧಿಸಿದ ಪ್ರೋಟೀನುಗಳು ಎಲ್ಲೆಲ್ಲಿ ಹರಡಿವೆ ಎಂಬುದನ್ನು ಗುರುತಿಸಿ 2019ರಲ್ಲಿ ಪ್ರಕಟಿಸಿತು. ಹಕ್ಕಿಯ ಮೆದುಳಿನ ಹಳೆಯ ಹೆಸರುಗಳನ್ನು ಕಿತ್ತುಹಾಕಿದವರಲ್ಲಿ ಒಬ್ಬರಾದ ಆಂಟನ್ ರೈನರ್ ಈ ಕೆಲಸದಲ್ಲಿ ಜೊತೆಗಿದ್ದರು. ಹಳ್ಳಿಯ ಹಿತ್ತಿಲಲ್ಲಿ ದಿನವೂ ಕಾಣುವ, ಯಾರೂ ಗಮನ ಕೊಡದ ಕಾಗೆಗೆ ಹೀಗೊಂದು ನಕ್ಷೆ ಸಿಕ್ಕಿದ್ದು ಸಂತೋಷದ ವಿಷಯ.

ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿರುವ (ಐಸರ್) ರಾಘವ್ ರಾಜನ್ ಅವರ ಪ್ರಶ್ನೆ ಇನ್ನೂ ಸೂಕ್ಷ್ಮ: ಹಾಡು ಶುರುವಾಗುವ ಕ್ಷಣವನ್ನು ನಿರ್ಧರಿಸುವುದು ಯಾವುದು? ಜೀಬ್ರಾ ಫಿಂಚ್ ಹಾಡಿಗೆ ಮೊದಲು ಒಂದೇ ಚಿಕ್ಕ ಸ್ವರವನ್ನು ಕೆಲವು ಸಲ ಉಚ್ಚರಿಸುತ್ತದೆ. ಅಮೆರಿಕದಲ್ಲಿದ್ದಾಗ ಆಲಿಸನ್ ಡೂಪ್ ಅವರೊಂದಿಗೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಪೀಠಿಕೆಯ ಸ್ವರಗಳು ಒಂದಾದ ಮೇಲೊಂದು ಬರುವಾಗ ಅವುಗಳ ರೂಪವೂ ಹಿಂದಿನ ನರಕೋಶಗಳ ಮಿಡಿತವೂ ಒಂದು ಸ್ಥಿರ ಸ್ಥಿತಿಯ ಕಡೆ ಸಾಗುತ್ತವೆ, ಅದನ್ನು ಮುಟ್ಟಿದಾಗ ಹಾಡು ಹೊರಡುತ್ತದೆ ಎಂದು ಕಂಡುಬಂತು. ಬಯಕೆ ಇದ್ದರೆ ಸಾಲದು, ಮೆದುಳು ಅಣಿಯಾಗಲೂ ಬೇಕು.

ಇಲ್ಲಿಂದ ಮನುಷ್ಯನವರೆಗೆ ದಾರಿ ಉದ್ದವಾದರೂ ಕಡಿದುಹೋಗಿಲ್ಲ. ಹಕ್ಕಿ ಮತ್ತು ಸಸ್ತನಿಗಳ ವಂಶಗಳು ಬೇರೆಯಾಗಿ 30 ಕೋಟಿ ವರ್ಷಗಳ ಮೇಲಾಯಿತು. ಬೇಸಲ್ ಗ್ಯಾಂಗ್ಲಿಯಾ ಮತ್ತು ಅದಕ್ಕೆ ಡೋಪಮೈನ್ ತರುವ ಎಳೆಗಳು ಅದಕ್ಕೂ ಹಳೆಯವು, ಎರಡೂ ಕಡೆ ಉಳಿದುಬಂದಿವೆ. ಮನುಷ್ಯರಲ್ಲಿ ಮಾತಿನ ತೊಡಕಿಗೆ ಕಾರಣವಾಗುವುದೆಂದು 2001ರಲ್ಲಿ ಗುರುತಿಸಲಾದ ಫಾಕ್ಸ್‌ಪಿ2 ಎಂಬ ಜೀನ್ ಹಕ್ಕಿಯಲ್ಲೂ ಇದೆ. ಏರಿಯಾ ಎಕ್ಸ್‌ನಲ್ಲಿ ಅದರ ಕೆಲಸವನ್ನು ಕುಗ್ಗಿಸಿದ ಮರಿಗಳು ಗುರುವಿನ ಹಾಡನ್ನು ಅರ್ಧಂಬರ್ಧ, ತಪ್ಪುತಪ್ಪಾಗಿ ಕಲಿತವು ಎಂದು 2007ರಲ್ಲಿ ಬರ್ಲಿನ್ನಿನ ಸಂಶೋಧಕರು ತೋರಿಸಿದರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವುದೂ ಮೆದುಳಿನ ನಡುಭಾಗದ ಡೋಪಮೈನ್ ಕೋಶಗಳೇ. ರೋಗಿಯ ಕೈ ನಡುಗುವುದರ ಜೊತೆಗೆ ದನಿ ಕುಗ್ಗುತ್ತದೆ, ಮಾತಿನ ಏರಿಳಿತ ಹೋಗಿ ಒಂದೇ ಸ್ವರವಾಗುತ್ತದೆ. ದನಿಗೇ ಮೀಸಲಾದ ಬೇಸಲ್ ಗ್ಯಾಂಗ್ಲಿಯಾದ ಭಾಗವೊಂದು ಹಾಡುಹಕ್ಕಿಯಲ್ಲಿ ಬಿಡಿಯಾಗಿ, ಗಡಿ ಸ್ಪಷ್ಟವಾಗಿ ಕಾಣಸಿಗುವುದರಿಂದ ಈ ತೊಂದರೆಯ ಬೇರು ಹುಡುಕುವವರಿಗೆ ಅದು ಇಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೋಲಿಕೆಗೆ ಮಿತಿಯೂ ಇದೆ. ಜೀಬ್ರಾ ಫಿಂಚ್ ಕಲಿಯುವುದು ಒಂದೇ ಹಾಡನ್ನು, ಅದೂ ಗಂಡು ಮಾತ್ರ, ಬಾಲ್ಯದ ಕೆಲವೇ ವಾರಗಳಲ್ಲಿ. ಅದರ ಸ್ವರಗಳಿಗೆ ಪದಗಳಂತೆ ಬಿಡಿ ಬಿಡಿ ಅರ್ಥವಿಲ್ಲ. ಮಗು ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಹಿಡಿಯುತ್ತದೆ. ಕನ್ನಡ, ತೆಲುಗು, ದಖನಿ ಮೂರೂ ಕೇಳುವ ಈ ಗಡಿಸೀಮೆಯಲ್ಲಿ ಅದು ಎಲ್ಲರ ಕಣ್ಣೆದುರಿಗಿರುವ ಸಂಗತಿ. ಮನುಷ್ಯ ವಯಸ್ಸಾದ ಮೇಲೂ ಹೊಸ ಮಾತು ಕಲಿಯಬಲ್ಲ. ಹಕ್ಕಿಗಳಲ್ಲೂ ಎಲ್ಲವೂ ಜೀಬ್ರಾ ಫಿಂಚ್‌ನಂತಲ್ಲ. ಕ್ಯಾನರಿ ವರ್ಷ ವರ್ಷವೂ ಹಾಡಿಗೆ ಹೊಸದನ್ನು ಸೇರಿಸುತ್ತದೆ. ಗಿಳಿ ದೊಡ್ಡದಾದ ಮೇಲೂ ಅನುಕರಿಸುತ್ತದೆ. ವಯಸ್ಕ ಕ್ಯಾನರಿಯ ಎಚ್‌ವಿಸಿಯಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ ಎಂದು ಸ್ಟೀವನ್ ಗೋಲ್ಡ್‌ಮನ್ ಮತ್ತು ನೊಟ್ಟೆಬಾಮ್ 1983ರಲ್ಲಿ ತೋರಿಸಿದಾಗ, ಬೆಳೆದ ಮೆದುಳಿನಲ್ಲಿ ಕೋಶ ಹುಟ್ಟುವುದಿಲ್ಲ ಎಂಬ ಆವರೆಗಿನ ನಂಬಿಕೆ ಅಲುಗಾಡಿತು. ಬಾಲ್ಯದಲ್ಲೇ ಕಲಿಕೆ ಮುಗಿಸುವ ಹಕ್ಕಿ ಮತ್ತು ಬಾಳಿನುದ್ದಕ್ಕೂ ಕಲಿಯುವ ಹಕ್ಕಿ, ಇವೆರಡರ ಮೆದುಳುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸ ಈಗ ಹಲವು ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ.